ಸ್ವೀಡಿಷ್ ಷೇರು ಪ್ರಕಟಣೆಯಲ್ಲಿ ‘ಪ್ರಿಫರೆನ್ಷಿಯಲ್ ಎಮಿಷನ್’ ಏಕೆ ತಪ್ಪು?

ಸ್ವೀಡಿಷ್ ಷೇರು ಪ್ರಕಟಣೆಯನ್ನು ಇಂಗ್ಲಿಷಿಗೆ ಅನುವಾದಿಸುವಾಗ ಫೋರೆಟ್ರೇಡೆಸ್‌ಎಮಿಶೂನ್ ಎಂಬುದಕ್ಕೆ ‘ಪ್ರಿಫರೆನ್ಷಿಯಲ್ ಎಮಿಷನ್’ ಎಂದು ಬರೆದದ್ದು ಏಕೆ ತಪ್ಪು ಎಂದು ಕೇಳಿದ್ದೀರಿ. ನಿಮ್ಮನ್ನು ದಾರಿ ತಪ್ಪಿಸಿರುವುದು ‘ಎಮಿಶೂನ್’ ಎಂಬ ಪದ. ಸ್ವೀಡಿಷ್‌ನಲ್ಲಿ ಅದು ಷೇರು ಬಿಡುಗಡೆ; ಇಂಗ್ಲಿಷಿನ ಎಮಿಷನ್ ಅಂದರೆ ಹೊಗೆ. ಮೊದಲು ಕಡತದಲ್ಲಿರುವ ಎಲ್ಲ ‘ಎಮಿಶೂನ್’ಗಳನ್ನೂ ‘ಇಶ್ಯೂ’ ಮಾಡಿ.

ಆಮೇಲೆ ಅದಕ್ಕಿಂತ ಮೊದಲು ಬರುವ ಪದ ನೋಡಿ. ನೀವು ಕೇಳಿದ ಫೋರೆಟ್ರೇಡೆಸ್‌ಎಮಿಶೂನ್ ಅಂದರೆ ‘ರೈಟ್ಸ್ ಇಶ್ಯೂ’, ನಮ್ಮ ಪತ್ರಿಕೆಗಳಲ್ಲಿ ಬರುವ ಅದೇ ಪದ: ಹೊಸ ಷೇರು ಕೊಳ್ಳುವ ಮೊದಲ ಹಕ್ಕನ್ನು ಈಗಿರುವ ಷೇರುದಾರರಿಗೆ ಕೊಡುವುದು. ‘ಪ್ರಿಫರೆನ್ಷಿಯಲ್’ ಬೇಡವೇ ಬೇಡ: ಭಾರತದಲ್ಲಿ ಅದು ಆಯ್ದ ಕೆಲವರಿಗೆ ಕೊಡುವುದು, ಅಂದರೆ ಅರ್ಥವೇ ತಿರುಗುಮುರುಗು. ಆಯ್ದವರಿಗೆ ಕೊಡುವುದಕ್ಕೆ ಸ್ವೀಡಿಷ್‌ನಲ್ಲಿ ರಿಕ್ಟಾಡ್ ಎಮಿಶೂನ್; ‘ಡೈರೆಕ್ಟೆಡ್ ಇಶ್ಯೂ’ ಎಂದು ಬರೆಯಿರಿ. ‘ಪ್ರೈವೇಟ್ ಪ್ಲೇಸ್‌ಮೆಂಟ್’ ಹೊಂದುತ್ತದೋ ಇಲ್ಲವೋ ಪೂರ್ತಿ ಪ್ರಕಟಣೆ ನೋಡದೆ ಹೇಳಲಾರೆ. ಫೋಂಡ್‌ಎಮಿಶೂನ್ ‘ಬೋನಸ್ ಇಶ್ಯೂ’, ಅಂದರೆ ಷೇರುದಾರರಿಂದ ಹಣ ಪಡೆಯದೆ ಕಂಪನಿ ತನ್ನದೇ ಹಣದಿಂದ ಷೇರು ಬಂಡವಾಳ ಏರಿಸುವುದು. ಆದರೆ ಸ್ವೀಡನ್‌ನಲ್ಲಿ ಹೊಸ ಷೇರು ಕೊಡದೆ ಬಂಡವಾಳವನ್ನಷ್ಟೇ ಏರಿಸಲೂಬಹುದು. ಹಾಗಾಗಿ ವಾಕ್ಯದಲ್ಲಿಲ್ಲದ ‘ಬೋನಸ್ ಷೇರ್ಸ್’ ಸೇರಿಸಬೇಡಿ.

ಕೊನೆಗೆ, ದುಡ್ಡಿಗೆ ಸಂಬಂಧಪಟ್ಟ ಜೋಡಿಯನ್ನು ಎರಡು ಸಲ ಪರಿಶೀಲಿಸಿ. ಟೆಕ್ನಿಂಗ್ಸ್‌ರೆಟ್ ‘ಸಬ್‌ಸ್ಕ್ರಿಪ್ಷನ್ ರೈಟ್’, ರೈಟ್ಸ್ ಇಶ್ಯೂನಲ್ಲಿ ಹೊಸ ಷೇರು ಕೊಳ್ಳುವ ಹಕ್ಕು, ಕೆಲವೇ ವಾರಗಳಲ್ಲಿ ಮುಗಿಯುವಂಥದ್ದು. ಟೆಕ್ನಿಂಗ್ಸ್‌ಓಪ್ಶೂನ್ ‘ವಾರಂಟ್’, ಮುಂದೆ ಗೊತ್ತಾದ ಬೆಲೆಗೆ ಹೊಸ ಷೇರು ಕೊಳ್ಳುವ ಹಕ್ಕು, ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುವಂಥದ್ದು. ಇವು ಅದಲು ಬದಲಾದರೆ ಓದುವ ಹೂಡಿಕೆದಾರನಿಗೆ ನಿಜವಾದ ನಷ್ಟ. ಈ ಎರಡೂ ಪದಗಳ ಮೂಲವಾದ ‘ಟೆಕ್ನ’ ಇಲ್ಲಿ ‘ಸಬ್‌ಸ್ಕ್ರೈಬ್’, ಅಂದರೆ ಹೊಸ ಷೇರು ಕೊಳ್ಳಲು ಒಪ್ಪಿಕೊಳ್ಳುವುದು. ‘ಸೈನ್’ ಅಲ್ಲ, ‘ಡ್ರಾ’ ಅಲ್ಲ.

ಬಿಟಿಎ (ಸ್ವೀಡಿಷ್‌ನ ‘ಬೆಟಾಲ್ಡ್ ಟೆಕ್ನಾಡ್ ಆಕ್ಟಿಯೆ’ಯ ಮೊದಲಕ್ಷರಗಳು) ಅಂದರೆ ಹಣ ಕಟ್ಟಿಯಾಗಿದ್ದು, ಕಂಪನಿ ನೋಂದಣಿ ಕಚೇರಿ ಬೂಲಾಗ್ಸ್‌ವೆರ್ಕೆಟ್‌ನಲ್ಲಿ ಇನ್ನೂ ದಾಖಲಾಗದ ಷೇರು. ಮೊದಲ ಸಲ ‘ಪೇಯ್ಡ್ ಸಬ್‌ಸ್ಕ್ರೈಬ್ಡ್ ಷೇರ್’ ಎಂದು ಬಿಡಿಸಿ ಬರೆದು, ಮುಂದೆ ಬಿಟಿಎ ಎಂದೇ ಉಳಿಸಿಕೊಳ್ಳಿ; ಹೂಡಿಕೆದಾರರ ಖಾತೆಯಲ್ಲೂ ಅದೇ ಹೆಸರು ಕಾಣುತ್ತದೆ.