ಆಲ್ಫಾ 0.93 ಬಂದರೆ ಪ್ರಶ್ನಾವಳಿ ಪಾಸಾ?

ಪೊರೆ ಆಪರೇಷನ್ ಆದವರಿಗೆ ದಿನದ ಕೆಲಸಗಳಲ್ಲಿ ಎಷ್ಟು ಅನುಕೂಲವಾಯಿತು ಅಂತ ಅಳೆಯಲು ಕ್ಯಾಟ್‌ಕ್ವೆಸ್ಟ್-9ಎಸ್ಎಫ್ ಅನ್ನುವ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದಿದ್ದೀರಿ. ಕ್ರಾನ್‌ಬಾಕ್ ಆಲ್ಫಾ (ಉತ್ತರಗಳ ಹೊಂದಾಣಿಕೆ ಹೇಳುವ ಅಂಕಿ) 0.93 ಬಂದಿದೆ, ವ್ಯಾಲಿಡೇಶನ್, ಅಂದರೆ ಪ್ರಶ್ನಾವಳಿ ಸರಿಯಾಗಿ ಅಳೆಯುತ್ತದಾ ಅನ್ನುವ ಪರೀಕ್ಷೆ, ಮುಗೀತಲ್ವಾ ಅಂತ ಕೇಳಿದ್ದೀರಿ. ಇಲ್ಲ, ಅರ್ಧ ದಾರಿಯೂ ಆಗಿಲ್ಲ.

ಆಲ್ಫಾ ಏರಿಸುವುದು ಕಷ್ಟವೇನಲ್ಲ. ಒಂದೇ ವಿಷಯವನ್ನು ಎರಡು ಸಲ ಕೇಳಿದರೂ ಏರುತ್ತದೆ. ಆಪರೇಷನ್‌ಗೆ ಮುಂಚಿನವರನ್ನೂ ಆದವರನ್ನೂ ಒಂದೇ ಶೀಟಿನಲ್ಲಿ ಸೇರಿಸಿ ಲೆಕ್ಕ ಹಾಕಿದ್ದರಂತೂ ಕೇಳುವುದೇ ಬೇಡ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಅಂತಷ್ಟೇ ಅದು ಹೇಳುತ್ತದೆ.

ನಾನು ಡೇಟಾ ನೋಡಿದರೆ ಮೊದಲು ಕಣ್ಣು ಹಾಯಿಸುವುದು 'ತೊಂದರೆ ಇಲ್ಲ' ಅನ್ನುವ ಕಾಲಂ ಮೇಲೆ. "ಪೇಪರ್ ಓದೋಕೆ ತೊಂದರೆ ಆಗುತ್ತಾ ಅಜ್ಜಿ?" "ಇಲ್ಲಪ್ಪ." ಟಿಕ್ ಬೀಳುತ್ತದೆ. "ದಿನಾ ಓದ್ತೀರಾ?" ಅಂತ ಇನ್ನೊಂದು ಮಾತು ಕೇಳಿ ನೋಡಿ. "ನಂಗೆಲ್ಲಪ್ಪಾ ಓದೋಕೆ ಬರುತ್ತೆ!" ಅದೇ ಅಜ್ಜಿ ಕಲ್ಲು ಕಾಣುವುದಿಲ್ಲ ಅಂತ ಅಕ್ಕಿ ಆರಿಸುವ ಮೊರವನ್ನು ಸೊಸೆ ಕೈಗೆ ಕೊಟ್ಟು ಎಷ್ಟೋ ಕಾಲವಾಗಿರುತ್ತದೆ. ನಿಮ್ಮ ಫಾರಂ ಪ್ರಕಾರ ಅವರ ಕಣ್ಣು ಮೊದಲೇ ಚೆನ್ನಾಗಿತ್ತು, ಆಪರೇಷನ್‌ನಿಂದ ಏನೂ ಬದಲಾಗಲಿಲ್ಲ! 'ಅನ್ವಯಿಸುವುದಿಲ್ಲ' ಅನ್ನುವುದಕ್ಕೆ ಬೇರೆ ಜಾಗ ಕೊಡಿ. ಅದನ್ನು ಸೊನ್ನೆ ತೊಂದರೆ ಅಂತ ಎಣಿಸಬೇಡಿ.

ಇದು ಹಳೇ ತಲೆನೋವು. ಅಮೆರಿಕದಲ್ಲಿ 1994ರಲ್ಲಿ ಬಂದ ವಿಎಫ್-14 ಅನ್ನುವ ದೃಷ್ಟಿ ಪ್ರಶ್ನಾವಳಿಯಲ್ಲಿ ಹಗಲಲ್ಲಿ ಕಾರು ಓಡಿಸುವುದು, ರಾತ್ರಿ ಓಡಿಸುವುದು ಎರಡೂ ಇದ್ದವು. ನಮ್ಮ ಹಳ್ಳಿಯ ಹಿರಿಯರಿಗೆ ಅವು ಯಾಕೆ? ಭಾರತದ ರೋಗಿಗಳನ್ನೇ ಮಾತಾಡಿಸಿ 33 ಪ್ರಶ್ನೆಗಳ ಐಎನ್‌ಡಿ-ವಿಎಫ್‌ಕ್ಯೂ ಪ್ರಶ್ನಾವಳಿ ಮಾಡಿದ್ದು ಇದಕ್ಕೇ. ನಿಮ್ಮ ಕ್ಯಾಟ್‌ಕ್ವೆಸ್ಟ್ ಸ್ವೀಡನ್ನಿನದು. 2009ರಲ್ಲಿ ಲುಂಡ್‌ಸ್ಟ್ರಾಮ್ ಮತ್ತು ಪೆಸುಡೋವ್ಸ್ ಅದನ್ನು ರಾಶ್ ಅನಾಲಿಸಿಸ್‌ನಲ್ಲಿ (ಯಾವ ಪ್ರಶ್ನೆ ಎಷ್ಟು ಕಷ್ಟ ಅಂತ ಅಳೆದು ನೋಡುವ ಲೆಕ್ಕ) ಸೋಸಿ 9 ಪ್ರಶ್ನೆಗೆ ಇಳಿಸಿದರು. ಅದರಲ್ಲಿ ಡ್ರೈವಿಂಗ್ ಇಲ್ಲ, ಏರುತಗ್ಗಿನ ನೆಲದಲ್ಲಿ ನಡೆಯುವುದು ಇದೆ, ಒಳ್ಳೆಯದಾಯ್ತು. ಹೊಲಿಗೆ, ಕಸೂತಿಯಂಥ ಕೈಕೆಲಸದ ಪ್ರಶ್ನೆಯೂ ಇದೆ. ಕಣ್ಣು ಒಂದೇ ಮಟ್ಟದಲ್ಲಿರುವ ಗಂಡಸರೂ ಹೆಂಗಸರೂ ಅದಕ್ಕೆ ಬೇರೆ ಬೇರೆ ಥರ ಉತ್ತರಿಸುತ್ತಾರಾ ಅಂತ ಡಿಐಎಫ್ ಪರೀಕ್ಷೆ ಮಾಡಿ.

ನೀವೂ ರಾಶ್ ಮಾಡಲೇಬೇಕು. 'ಸ್ವಲ್ಪ ತೊಂದರೆ'ಯಿಂದ 'ಜಾಸ್ತಿ ತೊಂದರೆ'ಗೆ ಇರುವ ದೂರವೂ, ಅಲ್ಲಿಂದ 'ತುಂಬಾ ಜಾಸ್ತಿ'ಗೆ ಇರುವ ದೂರವೂ ಒಂದೇ ಅಂತ ಯಾರು ಹೇಳಿದರು? 1, 2, 3 ಅಂತ ಸುಮ್ನೆ ಕೂಡಿದರೆ ಹಾಗೆ ಒಪ್ಪಿಕೊಂಡಂತೆ. ರಾಶ್ ಮಾದರಿ ಪ್ರಶ್ನೆಯ ಕಷ್ಟವನ್ನೂ ರೋಗಿಯ ಸಾಮರ್ಥ್ಯವನ್ನೂ ಒಂದೇ ಅಳತೆಪಟ್ಟಿಯ ಮೇಲೆ ಲಾಜಿಟ್ ಅನ್ನುವ ಮಾನದಲ್ಲಿ ಕೂರಿಸುತ್ತದೆ. ಉತ್ತರದ ಮೆಟ್ಟಿಲುಗಳು ಕ್ರಮವಾಗಿ ಏರುತ್ತಿವೆಯಾ ನೋಡಿ. ಪರ್ಸನ್ ಸೆಪರೇಷನ್ (ಬೇರೆ ಬೇರೆ ಮಟ್ಟದ ರೋಗಿಗಳನ್ನು ಎಷ್ಟು ಬೇರ್ಪಡಿಸುತ್ತದೆ ಅನ್ನುವ ಅಂಕಿ) 2ಕ್ಕಿಂತ ಕಮ್ಮಿ ಇರಬಾರದು. ಇನ್‌ಫಿಟ್ (ಪ್ರಶ್ನೆ ಮಾದರಿಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕಿ) 0.7ರಿಂದ 1.3ರ ಒಳಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಆಮೇಲೆ ಟಾರ್ಗೆಟಿಂಗ್, ಅಂದರೆ ಪ್ರಶ್ನೆಗಳ ಕಷ್ಟ ರೋಗಿಗಳ ಮಟ್ಟಕ್ಕೆ ಹೊಂದುತ್ತದಾ ಅನ್ನುವುದು. ನನ್ನ ಮಟ್ಟಿಗೆ ಪೊರೆಯ ವಿಷಯದಲ್ಲಿ ಇದೇ ದೊಡ್ಡದು. ಆಪರೇಷನ್ ಆದ ಮೇಲೆ ತುಂಬಾ ಜನ ಎಲ್ಲದಕ್ಕೂ 'ತೊಂದರೆ ಇಲ್ಲ' ಅನ್ನುತ್ತಾರೆ. ರೋಗಿಗೆ ಖುಷಿ, ಅಳೆಯುವವರಿಗೆ ಕಷ್ಟ. ಎಲ್ಲರೂ ಮೇಲ್ತುದಿಯಲ್ಲಿ ಗುಂಪುಗೂಡಿದರೆ ಒಂದು ಕಣ್ಣು ಆದವರಿಗೂ ಎರಡೂ ಆದವರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರಶ್ನೆಗಳ ಕಷ್ಟದ ಸರಾಸರಿ, ಜನರ ಸಾಮರ್ಥ್ಯದ ಸರಾಸರಿ ನಡುವಿನ ಅಂತರವನ್ನು ಆಪರೇಷನ್‌ಗೆ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ಬೇರೆ ಬೇರೆಯಾಗಿ ಬರೆಯಿರಿ. ಒಟ್ಟು ಸೇರಿಸಿ ಒಂದೇ ಅಂಕಿ ಕೊಟ್ಟರೆ ಅದು ಮುಚ್ಚಿಹೋಗುತ್ತದೆ.

ಮತ್ತೆ, ಪ್ರಶ್ನೆ ಕೇಳುವವರು ಆಪರೇಷನ್ ಮಾಡಿದ ಡಾಕ್ಟರ ಪಕ್ಕದಲ್ಲೇ ನಿಂತಿರುವ ಸಿಸ್ಟರ್ ಆಗುವುದು ಬೇಡ. "ದೇವರಂಥ ಡಾಕ್ಟ್ರು, ಎಲ್ಲಾ ಚೆನ್ನಾಗಿದೆ" ಅಂತಲೇ ಬರುತ್ತದೆ. ರೀಟೆಸ್ಟ್ (ಅದೇ ಜನರಿಗೆ ಅದೇ ಪ್ರಶ್ನೆ ಮತ್ತೆ ಕೇಳಿ ಉತ್ತರ ಒಂದೇ ಬರುತ್ತಾ ನೋಡುವುದು) ಮಾಡುವುದಾದರೆ ಆಪರೇಷನ್‌ಗೆ ಕಾಯುತ್ತಿರುವವರ ಮೇಲೆ, ಒಂದೆರಡು ವಾರದ ಅಂತರದಲ್ಲಿ ಮಾಡಿ. ಆಗಷ್ಟೇ ಆಪರೇಷನ್ ಆದವರ ದೃಷ್ಟಿ ಇನ್ನೂ ಬದಲಾಗುತ್ತಿರುತ್ತದೆ.

ರಾಶ್ ಲೆಕ್ಕ ಮಾಡುವ ವಿನ್‌ಸ್ಟೆಪ್ಸ್ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕು. ಇಲ್ಲದಿದ್ದರೆ ಆರ್ (R) ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇಆರ್‌ಎಂ, ಟ್ಯಾಮ್ ಅಂತ ಉಚಿತ ಪ್ಯಾಕೇಜುಗಳಿವೆ, ನಿಮ್ಮ ಕೆಲಸಕ್ಕೆ ಸಾಕು.