ಕೆಆರ್‌ಎಸ್ ಹಿನ್ನೀರಿನಲ್ಲಿ ಸೀ ಅರ್ಚಿನ್ ಯಾಕಿಲ್ಲ?

ಬಂಡೆಯೂ ಇದೆ, ಪಾಚಿಯೂ ಇದೆ, ಮತ್ಯಾಕಿಲ್ಲ ಅಂತ ಕೇಳಿದ್ದೀರಿ. ಸಿಹಿನೀರಿನಲ್ಲಿ ಅದು ಬದುಕಲಾರದು, ಅದಕ್ಕೇ ಇಲ್ಲ. ಸೀ ಅರ್ಚಿನ್ ಅಂದರೆ ಮೈತುಂಬ ಮುಳ್ಳಿರುವ ಚೆಂಡಿನಂಥ ಕಡಲಜೀವಿ. ನಕ್ಷತ್ರಮೀನೂ ಸೇರಿ ಇದರ ಬಳಗದಲ್ಲಿ ಸುಮಾರು 7000 ಜಾತಿಗಳಿವೆ. ಸಿಹಿನೀರಿನದು ಒಂದೂ ಇಲ್ಲ.

ಉಪ್ಪು ಹೆಚ್ಚಿರುವ ಕಡೆಗೆ ನೀರು ನುಗ್ಗುತ್ತದೆ. ಕಾವೇರಿಯ ಮೀನಿನ ಮೈಗೂ ಹಾಗೇ ನುಗ್ಗುತ್ತದೆ, ಆದರೆ ಹೆಚ್ಚಾದದ್ದನ್ನು ಅದರ ಮೂತ್ರಪಿಂಡ ಹೊರಹಾಕುತ್ತದೆ. ಅರ್ಚಿನ್‌ಗೆ ಆ ಅಂಗವೇ ಇಲ್ಲ. ಅದರ ಒಳಗಿನ ದ್ರವ ಹೆಚ್ಚುಕಡಿಮೆ ಕಡಲನೀರಿನಷ್ಟೇ ಉಪ್ಪು. ಸಿಹಿನೀರಿಗೆ ಬಿಟ್ಟರೆ, ನೆನೆಹಾಕಿದ ಒಣದ್ರಾಕ್ಷಿಯ ಹಾಗೆ, ಜೀವಕೋಶಗಳು ನೀರು ಹೀರಿ ಊದಿಕೊಳ್ಳುತ್ತವೆ, ಪ್ರಾಣಿ ಸಾಯುತ್ತದೆ.

ನಡೆಯುವುದಕ್ಕೂ ಅದಕ್ಕೆ ಆ ಉಪ್ಪುನೀರೇ ಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಮುಳ್ಳು ಉದುರಿದ ಒಣ ಚಿಪ್ಪೊಂದಿದೆ. ದೀಪಕ್ಕೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳ ಐದು ಪಟ್ಟಿಗಳು ಬುಡದಿಂದ ನೆತ್ತಿಯವರೆಗೆ ಬೆಳಗುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಆ ತೂತುಗಳಿಂದಲೇ ಕೊಳವೆಯಂಥ ಸಣ್ಣ ಕಾಲುಗಳು ಹೊರಚಾಚುತ್ತಿದ್ದದ್ದು. ಒಳಗಿನ ದ್ರವ ಒತ್ತಿದಾಗ ಕಾಲು ಉದ್ದವಾಗುತ್ತದೆ, ತುದಿ ಬಂಡೆಗೆ ಅಂಟುತ್ತದೆ. ಹೀಗೆ ಹೆಜ್ಜೆ ಹಾಕುತ್ತ, ಎಷ್ಟೋ ಜಾತಿಗಳು ರಾತ್ರಿ ಹೊತ್ತು, ಹೊಟ್ಟೆಯಡಿಯ ಬಾಯಿಯಲ್ಲಿರುವ ಐದು ಹಲ್ಲಿನಿಂದ ಪಾಚಿ ಕೆರೆದು ತಿನ್ನುತ್ತವೆ. ಹಗಲು ಬಂಡೆಯ ಸಂದಿ ಸೇರುತ್ತವೆ. ಕೆಲವು ಚಿಪ್ಪಿನ ಚೂರು, ಕಲ್ಲುಗಳನ್ನು ತಲೆಮೇಲೆ ಹೊತ್ತುಕೊಳ್ಳುವುದೂ ಉಂಟು.

ಜೋರು ಮಳೆಗೆ ಹೊಳೆನೀರು ನುಗ್ಗಿ ಉಪ್ಪು ಇಳಿದರೆ, ಕಡಲಂಚಿನ ಅರ್ಚಿನ್‌ಗಳೂ ಸಾಯುತ್ತವೆ.