ಲಿವರ್ ಗಡ್ಡೆಗೆ ಸೂಜಿ ಹಾಕಿ ಸುಡುತ್ತಾರಂತೆ, ಗುರಿ ತಪ್ಪಲ್ವಾ?

ನಿಮ್ಮ ತಂದೆಯವರ ಲಿವರ್‌ನಲ್ಲಿ 2.5 ಸೆಂ.ಮೀ. ಗಡ್ಡೆ ಇದೆ, ಹೊಟ್ಟೆ ಕೊಯ್ಯದೆ ಮೈಕ್ರೋವೇವ್ ಸೂಜಿಯಿಂದ ಸುಡೋಣ ಅಂದಿದ್ದಾರೆ, ಕಣ್ಣಿಗೆ ಕಾಣದ ಜಾಗಕ್ಕೆ ಹೇಗೆ ಚುಚ್ಚುತ್ತಾರೆ ಅಂತ ಕೇಳಿದ್ದೀರಿ. ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಸೂಜಿ ಹಾಕುವವರು ರೇಡಿಯಾಲಜಿ ಡಾಕ್ಟರು, ಅವರಿಗೆ ಸ್ಕ್ಯಾನ್ ತೆಗೆದುಕೊಡುವುದು ನನ್ನ ಕೆಲಸ.

ಸುಮ್ನೆ ಅಂದಾಜಿನ ಮೇಲೆ ಯಾರೂ ಚುಚ್ಚುವುದಿಲ್ಲ. ಗಡ್ಡೆ ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಂಡರೆ ಅದರಲ್ಲೇ ನೋಡುತ್ತಾ ಹಾಕುತ್ತಾರೆ. ಸೂಜಿ ಬಿಳಿ ಗೆರೆಯಂತೆ ಒಳಗೆ ಹೋಗುವುದು ಆಗಿಂದಾಗಲೇ ಕಾಣುತ್ತದೆ. ಗಡ್ಡೆ ಲಿವರ್‌ನ ಮೇಲ್ತುದಿಯಲ್ಲಿ, ಶ್ವಾಸಕೋಶದ ಅಡಿಯಲ್ಲಿದ್ದರೆ ಗಾಳಿ ಅಡ್ಡ ಬರುತ್ತದೆ. ಆಗ ಸಿಟಿ ಬೇಕು.

ಸಿಟಿಯಲ್ಲಿ ಮೊದಲು ಪಕ್ಕೆಯ ಮೇಲೆ ಸಣ್ಣ ತಂತಿಗಳಿರುವ ಪಟ್ಟಿ ಅಂಟಿಸಿ ಸ್ಕ್ಯಾನ್ ಮಾಡುತ್ತೇವೆ. ಎಲ್ಲಿಂದ, ಯಾವ ಕೋನದಲ್ಲಿ, ಎಷ್ಟು ಆಳ ಅಂತ ಡಾಕ್ಟರು ಪರದೆಯ ಮೇಲೆ ಅಳೆಯುತ್ತಾರೆ. ಮಷಿನ್ನಿನ ಕೆಂಪು ಲೇಸರ್ ಗೆರೆ ಬಿದ್ದ ಕಡೆ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಆಮೇಲೆ ಸೂಜಿ ಸ್ವಲ್ಪ ಒಳಗೆ, ಒಂದು ಸ್ಕ್ಯಾನ್, ಕೋನ ತಿದ್ದು, ಇನ್ನೂ ಸ್ವಲ್ಪ ಒಳಗೆ, ಮತ್ತೆ ಸ್ಕ್ಯಾನ್. ಒಂದೇ ಸಲಕ್ಕೆ ಚುಚ್ಚುವುದು ಅಂತಿಲ್ಲ. ಇನ್ನೊಂದು ತೊಡಕಿದೆ: ಕಾಂಟ್ರಾಸ್ಟ್ ಇಂಜೆಕ್ಷನ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣಲು ರಕ್ತಕ್ಕೆ ಸೇರಿಸುವ ಔಷಧಿ) ಕೊಟ್ಟಾಗ ಹೊಳೆಯುವ ಗಡ್ಡೆ ಸ್ವಲ್ಪ ಹೊತ್ತಿಗೇ ಮಸುಕಾಗುತ್ತದೆ. ಹಾಗಾಗಿ ಹಳೆಯ ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡು, ಹತ್ತಿರದ ರಕ್ತನಾಳಗಳನ್ನೇ ಗುರುತು ಮಾಡಿಕೊಂಡು ಹೋಗುತ್ತಾರೆ.

ನಿಜವಾದ ಕಷ್ಟ ಉಸಿರಿನದು. ಲಿವರ್ ವಪೆಗೆ, ಅಂದರೆ ಎದೆ ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿಗೆ, ಅಂಟಿಕೊಂಡೇ ಇರುವುದರಿಂದ ಮಾಮೂಲಿ ಉಸಿರಾಟದಲ್ಲೂ ಒಂದೆರಡು ಸೆಂ.ಮೀ. ಮೇಲೆ ಕೆಳಗೆ ಹೋಗುತ್ತದೆ. ನಿಮ್ಮ ತಂದೆಯವರ ಗಡ್ಡೆಯೇ ಹೆಚ್ಚು ಕಡಿಮೆ ಅಷ್ಟಿದೆ ನೋಡಿ! ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ ಅರಿವಳಿಕೆ ಡಾಕ್ಟರು ವೆಂಟಿಲೇಟರನ್ನು ಕೆಲವು ಸೆಕೆಂಡು ನಿಲ್ಲಿಸುತ್ತಾರೆ. ಬರೀ ಮಂಪರಿನ ಔಷಧಿಯಾದರೆ ರೋಗಿಯೇ ಹಿಡಿಯಬೇಕು. 'ಉಸಿರು ಹಿಡೀರಿ' ಅಂದ ಕೂಡಲೇ ಜಾಸ್ತಿ ಜನ ಎದೆ ತುಂಬಾ ಎಳೆದುಕೊಳ್ಳುತ್ತಾರೆ. ಅದು ಪ್ರತಿ ಸಲ ಒಂದೇ ಸಮ ಇರುವುದಿಲ್ಲ. ಸಹಜವಾಗಿ ಉಸಿರು ಬಿಟ್ಟು ಅಲ್ಲೇ ನಿಲ್ಲಿಸಿದರೆ ಲಿವರ್ ಹೆಚ್ಚು ಕಡಿಮೆ ಅದೇ ಜಾಗಕ್ಕೆ ಬರುತ್ತದೆ. ಹೇಗೆ ಹಿಡಿಯಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ, ಮನೆಯಲ್ಲಿ ಅಭ್ಯಾಸ ಮಾಡಿಸಿ.

ಸುಡುವುದು ಅಷ್ಟು ಹೊತ್ತಿನ ಕೆಲಸವಲ್ಲ, ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸು. ಗಡ್ಡೆಯ ಸುತ್ತ 5ರಿಂದ 10 ಮಿ.ಮೀ. ಒಳ್ಳೆಯ ಲಿವರನ್ನೂ ಸೇರಿಸಿ ಸುಡಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಉಳಿದದ್ದು ಮತ್ತೆ ಬೆಳೆಯಬಹುದು. ದೊಡ್ಡ ರಕ್ತನಾಳ ಪಕ್ಕದಲ್ಲಿದ್ದರೆ ಹರಿಯುವ ರಕ್ತ ಶಾಖವನ್ನು ಒಯ್ದುಬಿಡುತ್ತದೆ. ಕರುಳು ತಾಗಿಕೊಂಡಿದ್ದರೆ ನಡುವೆ ದ್ರವ ತುಂಬಿಸಿ ದೂರ ಸರಿಸುತ್ತಾರೆ.

ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಕಾಂಟ್ರಾಸ್ಟ್ ಸ್ಕ್ಯಾನ್ ಮಾಡುತ್ತೇವೆ. ಸುಟ್ಟ ಜಾಗ ಕಪ್ಪಗೆ ಕಾಣುತ್ತದೆ. ಅದು ಗಡ್ಡೆಯನ್ನು ಪೂರ್ತಿ ಮುಚ್ಚದಿದ್ದರೆ ಆಗಲೇ ಇನ್ನೊಮ್ಮೆ ಸೂಜಿ ಹಾಕಬಹುದು. ಸೂಜಿಯ ದಾರಿ, ಕೋನ ಹಿಡಿದುಕೊಡುವ ರೋಬೋ ಇದೆಯಾ ಅಂತ ಆಸ್ಪತ್ರೆಗಳಲ್ಲಿ ವಿಚಾರಿಸುವವರಿದ್ದಾರೆ. ಓರೆ ದಾರಿಗೆ ಅದು ಅನುಕೂಲವೇ, ಆದರೆ ನನ್ನನ್ನು ಕೇಳಿದರೆ 'ಸುತ್ತಲೂ ಎಷ್ಟು ಅಂಚು ಸಿಗಬಹುದು, ಮುಗಿದ ಮೇಲೆ ಅದನ್ನು ಹೇಗೆ ನೋಡುತ್ತೀರಿ' ಅಂತ ಕೇಳುವುದು ಮೇಲು.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ಡಾಕ್ಟರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಸುಟ್ಟ ಮೇಲೆ ಕೆಲವು ದಿನ ನೋವು, ಸಣ್ಣ ಜ್ವರ ಇರಬಹುದು. ಜ್ವರ ಏರಿದರೆ, ಹೊಟ್ಟೆನೋವು ಹೆಚ್ಚಾದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.